ಜ್ವರವಿಲ್ಲದ ಊರು

ಆ ಮಳೆಗಾಲದಲ್ಲಿ ರಾಮನಗರ ತಾಲ್ಲೂಕಿನ ಎಷ್ಟೋ ಊರುಗಳು ಡೆಂಗಿ ಜ್ವರದಲ್ಲಿ ನರಳುತ್ತಿದ್ದವು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸೇರಿದ ಒಂದು ಊರಿನಲ್ಲಿ ಮಾತ್ರ ಯಾರಿಗೂ ಜ್ವರವಿರಲಿಲ್ಲ. ಎಡಕ್ಕಿದ್ದ ಊರಿನಲ್ಲಿ ಜ್ವರ, ಬಲಕ್ಕಿದ್ದ ಊರಿನಲ್ಲಿ ಜ್ವರ, ನಡುವೆ ಇವರು ಮಾತ್ರ ಗುಂಡುಕಲ್ಲಿನ ಹಾಗೆ ಗಟ್ಟಿ. ಸೊಳ್ಳೆಗಳು ಊರಿನ ಬೋರ್ಡು ಓದಿಕೊಂಡು ವಾಪಸ್ ಹೋಗುತ್ತಿದ್ದವೋ ಏನೋ. ದಿನಾ ಸಂಜೆ ತಾಲ್ಲೂಕು ಆಫೀಸಿಗೆ ಆ ಊರಿನ ಹೆಸರಿನ ಮುಂದೆ ಸೊನ್ನೆ ಹಾಕಿ ಕಳಿಸುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದು ಸುಳ್ಳು ಅಂತ ನನಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು, ಬಹುಶಃ ತಾಲ್ಲೂಕಿನ ಸಾಹೇಬರಿಗೂ ಗೊತ್ತಿತ್ತು. ಸೊನ್ನೆ ನೋಡಿ ಯಾರೂ ಪ್ರಶ್ನೆ ಕೇಳುವುದಿಲ್ಲ ನೋಡಿ, ಅದಕ್ಕೇ ಎಲ್ಲರೂ ಸುಮ್ಮನಿದ್ದರು.

ಸರ್ಕಾರ ನನಗೆ ಶುಶ್ರೂಷಾಧಿಕಾರಿ ಅಂತ ಉದ್ದನೆಯ ಹೆಸರು ಕೊಟ್ಟಿದೆ, ಜನಕ್ಕೆ ನಾನು ಬರೀ ಸಿಸ್ಟರು. ಊರಿನ ಹೆಸರು ಹೇಳುವುದಿಲ್ಲ. ಕೂಟಗಲ್ ಕಡೆ ಹೋಗುವ ಬಸ್ಸು ಹತ್ತಿದರೆ ಸಿಗುತ್ತದೆ ಅಂದುಕೊಳ್ಳಿ. ಅಲ್ಲಿ ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಾರೆ. ಅನುಕೂಲ ಇದ್ದವರಿಗೆ ಹೊಲದ ಬದಿಯಲ್ಲಿ ಬೇರೆ ಹುಳುಮನೆ ಇರುತ್ತದೆ. ಉಳಿದವರ ನಡುಮನೆಯಲ್ಲಿ ಅರ್ಧ ಹುಳುವಿಗೆ, ಅರ್ಧ ಮನುಷ್ಯರಿಗೆ. ಹುಳು ಮನೆಯೊಳಗೆ ಇರುವಷ್ಟು ದಿನ ಅಲ್ಲಿ ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಬೀಡಿ ಸೇದುವಂತಿಲ್ಲ, ಸೆಂಟು ಹಾಕಿಕೊಂಡ ನೆಂಟರು ಬಂದರೆ ಜಗಲಿಯಲ್ಲೇ ಕಾಫಿ ಕುಡಿದು ಹೋಗಬೇಕು. ಅಷ್ಟು ಸೂಕ್ಷ್ಮ ಪ್ರಾಣಿ ಅದು. ಕೀಟನಾಶಕದ ಗಾಳಿ ಸೋಕಿದರೂ ಸಾಯುತ್ತದೆ.

ಮೊದಮೊದಲು ಆ ಊರಿನವರು ಜ್ವರ ಬಂದರೆ ನೆಟ್ಟಗೆ ನಮ್ಮಲ್ಲಿಗೇ ಬರುತ್ತಿದ್ದರು. ಗಾರೆ ಕೆಲಸದ ಒಬ್ಬರಿಗೆ ಪರೀಕ್ಷೆಯಲ್ಲಿ ಡೆಂಗಿ ಅಂತ ಬಂತು. ನಿಯಮದ ಪ್ರಕಾರ ಅಂದೇ ವರದಿ ಕಳಿಸಿದೆ. ಮಾರನೆಯ ದಿನ ಹೊಗೆ ಹೊಡೆಯುವ ಮಿಷನ್ ಬಂತು. ಮನೆಯವರು ಕೈಮುಗಿದು ಹುಳ ಅವೆ, ಈ ಬೀದಿ ಬಿಟ್ಟುಬಿಡಿ ಅಂದರೆ ಮಿಷನ್ ಜೊತೆ ಬಂದವರು, "ಮನುಷ್ಯರಿಗೇ ಏನೂ ಆಗಲ್ಲ, ಹುಳಕ್ಕೇನಾಗುತ್ತೆ ಹೋಗ್ರೀ" ಅಂದರಂತೆ. ಡೀಸೆಲ್‌ನಲ್ಲಿ ಕಲಸಿದ ಔಷಧಿಯ ಹೊಗೆ ಕಿಟಕಿಯ ಬಲೆ ದಾಟಿ ಒಳಗೆ ಹೋಯಿತು. ಸಂಜೆಯ ಹೊತ್ತಿಗೆ ಎರಡು ಮನೆಯ ಹುಳುಗಳು ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ, ಮುದುಡಿಕೊಂಡು ಸತ್ತವು. ಮಂಕರಿಗಳಲ್ಲಿ ತುಂಬಿಕೊಂಡು ಹೋಗಿ ತಿಪ್ಪೆಯ ಪಕ್ಕ ಗುಂಡಿ ತೋಡಿ ಮುಚ್ಚಿದರು. ಅವತ್ತಿನಿಂದ ಆ ಊರಿನಲ್ಲಿ ಜ್ವರ ನಿಂತುಹೋಯಿತು.

ನಿಂತದ್ದು ಹೇಗೆ ಅಂತ ಆಮೇಲಾಮೇಲೆ ತಿಳಿಯಿತು. ಚಿಲ್ಲರೆ ಅಂಗಡಿಯಲ್ಲಿ ಜ್ವರದ ಮಾತ್ರೆ ತಂದಷ್ಟೂ ಖರ್ಚಾಗುತ್ತಿತ್ತು. ಬೇಲಿಗಳಲ್ಲಿದ್ದ ಪರಂಗಿ ಗಿಡಗಳು ಎಲೆಯಿಲ್ಲದೆ ಬೋಳಾಗಿ ನಿಂತಿದ್ದವು, ರಸ ಹಿಂಡಿ ಕುಡಿದರೆ ರಕ್ತ ಏರುತ್ತದೆ ಅಂತ. ತೀರ ತಡೆಯಲಾರದವರು ಚನ್ನಪಟ್ಟಣದ ಯಾವುದೋ ಲ್ಯಾಬಿಗೆ ಹೋಗಿ, ಊರು ಕೇಳಿದರೆ ಮಾಗಡಿ ತಾಲ್ಲೂಕು ಸೋಲೂರು ಅಂತ ಬರೆಸಿ ಬಂದಿದ್ದರು. ಸೋಲೂರಿನ ಕಡೆಯ ಆರೋಗ್ಯ ಸಿಬ್ಬಂದಿ ಆ ಹೆಸರುಗಳನ್ನು ಹಿಡಿದು ಬೀದಿಬೀದಿ ಅಲೆದು, ಇಂಥವರು ನಮ್ಮಲ್ಲಿ ಹುಟ್ಟೇ ಇಲ್ಲ, ಮೊಬೈಲ್ ನಂಬರಿಗೆ ಫೋನು ಮಾಡಿದರೆ ನಿಮ್ಮ ಕಡೆಯವರು ಅಂತ ನಮಗೆ ಫೋನಿನಲ್ಲಿ ಬೈದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ಊರಿನ ಆಶಾ ಕಾರ್ಯಕರ್ತೆ ಬಹಳ ಚುರುಕು. ಯಾವ ಮನೆಯಲ್ಲಿ ಯಾರು ಬಸುರಿ, ಯಾವ ಮಗುವಿಗೆ ಯಾವ ಲಸಿಕೆ ಬಾಕಿ, ಎಲ್ಲ ಬಾಯಲ್ಲೇ ಹೇಳುತ್ತಾಳೆ. ಜ್ವರದ ಮಾತು ಬಂದರೆ ಮಾತ್ರ ಗೋಡೆ ನೋಡುತ್ತಿದ್ದಳು.

"ಯಾರಿಗೂ ಇಲ್ಲ ಸಿಸ್ಟರ್."

"ಅಲ್ಲ ಕಣಮ್ಮ, ಇಡೀ ಹೋಬಳಿಗೆ ಬಂದಿರೋದು ನಿಮ್ಮೂರಿಗೆ ಬರಲ್ವಾ? ನಿಮ್ಮೂರಿನ ಸೊಳ್ಳೆ ಏನು ಏಕಾದಶಿ ಉಪವಾಸನಾ?"

"ನಾನೇನ್ ಮಾಡ್ಲಿ ಸಿಸ್ಟರ್. ಕೇಳುದ್ರೆ ಇಲ್ಲ ಅಂತಾರೆ."

ಅವಳ ಮನೆಯಲ್ಲೂ ಹುಳು ಇದ್ದವು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಮೇಲೆ ಕೂಗಾಡಿದೆ, ಯಾಕೆಂದರೆ ನನಗೆ ಸಿಗುತ್ತಿದ್ದವಳು ಅವಳೊಬ್ಬಳೇ.

ನಾನೂ ಬೀದಿಗಿಳಿದೆ. ಡ್ರಮ್ಮು, ತೊಟ್ಟಿ, ಟೈರು, ಒಡೆದ ಕೊಡ, ಎಲ್ಲ ಬೋರಲು ಹಾಕಿಸಿದೆವು. ಸೊಳ್ಳೆಮರಿ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಕಡೆ. ಅಷ್ಟರಿಂದ ಇಷ್ಟು ಸೊಳ್ಳೆ ಹುಟ್ಟುವುದು ಸಾಧ್ಯವೇ ಇರಲಿಲ್ಲ. ಒಳಗೆ ನೋಡಬೇಕು ಅಂದರೆ ಒಂದೇ ಉತ್ತರ: "ಹುಳ ಅವೆ ಸಿಸ್ಟರವ್ವ, ಒಳಕ್ಕೆ ಬರಂಗಿಲ್ಲ." ನನ್ನ ಸೀರೆಗೆ ಆಸ್ಪತ್ರೆಯ ಫಿನಾಯಿಲ್ ವಾಸನೆ, ಕೈಗೆ ಸ್ಪಿರಿಟ್ಟಿನ ವಾಸನೆ. ಬಾಗಿಲಲ್ಲೇ ನಿಲ್ಲಿಸಿ ನೀರು ಕೊಟ್ಟು ಕಳಿಸುತ್ತಿದ್ದರು.

ಒಂದು ದಿನ ಹೊರರೋಗಿಗಳು ಮುಗಿದ ಮೇಲೆ ನಾನು ಡ್ರೆಸ್ಸಿಂಗ್ ರೂಮಿನಲ್ಲಿ ಟ್ರೇ ತೊಳೆಯುತ್ತಿದ್ದೆ. ಆಶಾ ಬಂದು ಬಾಗಿಲ ಹತ್ತಿರ ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು.

"ಸಿಸ್ಟರ್, ಜ್ವರ ಪೂರ್ತಿ ಬಿಟ್ಮೇಲೂ ವಾಂತಿ ಆಯ್ತಾ ಇದ್ರೆ ಏನದು?"

"ಯಾರಿಗೆ?"

"ಯಾರ್ಗೂ ಇಲ್ಲ. ಸುಮ್ಕೆ ಕೇಳ್ದೆ."

ನಾನು ಟ್ರೇ ಕೆಳಗಿಟ್ಟೆ. "ಡೆಂಗಿಯಲ್ಲಿ ಜ್ವರ ಇಳಿಯುವಾಗಲೇ ಅಪಾಯ ಜಾಸ್ತಿ. ವಾಂತಿ, ಹೊಟ್ಟೆನೋವು, ಕೈಕಾಲು ತಣ್ಣಗಾಗೋದು, ಒಸಡಿನಲ್ಲಿ ರಕ್ತ. ಜ್ವರ ಬಿಟ್ಟಿತು ಅಂತ ಜನ ಖುಷಿಯಾಗ್ತಾರೆ, ಆವಾಗಲೇ ನರಗಳಿಂದ ನೀರು ಸೋರಿ ಪ್ರಾಣ ಹೋಗೋದು. ಟ್ರೈನಿಂಗ್‌ನಲ್ಲಿ ಹೇಳಿದ್ನಲ್ಲ. ಈಗ ಹೇಳು, ಯಾರಿಗೆ?"

ಅವಳು ಅಲ್ಲೇ ಕುಸಿದು ಕೂತು ಅಳತೊಡಗಿದಳು. ಅವಳ ಓರಗಿತ್ತಿಗೆ, ಅಂದರೆ ಅದೇ ಮನೆಯ ಕಿರಿ ಸೊಸೆಗೆ ಅಂತೆ. ಜ್ವರ ಬಂದು ನಾಲ್ಕೈದು ದಿನವಾಗಿತ್ತು. ಮೈ ನೋವಿಗೆ ಯಾರೋ ಮನೆಗೇ ಬಂದು ಸೊಂಟಕ್ಕೆ ಸೂಜಿ ಚುಚ್ಚಿ ಹೋಗಿದ್ದರು. ಆ ನೋವಿನ ಸೂಜಿ ಡೆಂಗಿಯಲ್ಲಿ ರಕ್ತಸ್ರಾವಕ್ಕೆ ದಾರಿ. ಬೆಳಗ್ಗೆ ಜ್ವರ ಬಿಟ್ಟಿತ್ತು, ಮನೆಯವರೆಲ್ಲ ದೇವರಿಗೆ ಕೈಮುಗಿದು ಸೊಪ್ಪು ಕುಯ್ಯಲು ಹೋಗಿದ್ದರು.

"ನಾನ್ ಹೇಳ್ದೆ ಅಂತ ಗೊತ್ತಾದ್ರೆ ಊರಿಂದ್ಲೇ ಓಡುಸ್ತಾರೆ ಸಿಸ್ಟರ್."

"ಹೇಳದೆ ಇದ್ದರೆ ಅವಳ ಹೆಣ ಹೊರಗೆ ಬರುತ್ತೆ. ಯಾವುದು ವಾಸಿ?"

ಒರಟಾಗಿತ್ತು ಮಾತು. ಆದರೆ ಎಷ್ಟು ದಿನದಿಂದ ಸೊನ್ನೆ ಸೊನ್ನೆ ಅಂತ ಬರೆದು ಕಳಿಸಿದ್ದೆನೋ, ಅಷ್ಟೂ ಸಿಟ್ಟು ಆ ಒಂದು ವಾಕ್ಯದಲ್ಲಿ ಹೊರಬಿತ್ತು.

ನಮ್ಮ ಡಾಕ್ಟರು ತಾಲ್ಲೂಕು ಆಫೀಸಿನ ಮೀಟಿಂಗಿನಲ್ಲಿದ್ದರು. ಹೊಸದಾಗಿ ಓದು ಮುಗಿಸಿ ಬಂದ ಹುಡುಗ, ಒಳ್ಳೆಯವರೇ, ಆದರೆ ಮೇಲಿನವರ ದನಿ ಕೇಳಿದರೆ ಬೆವರುತ್ತಾರೆ. ಫೋನಿನಲ್ಲಿ ಪಿಸುಗುಟ್ಟಿದರು: "ಹೋಗಿ ನೋಡಿ ಸಿಸ್ಟರ್. ಬಿಪಿ ಅಂತರ ಕಡಿಮೆ ಇದ್ರೆ ಡ್ರಿಪ್ ಹಾಕಿ ನೇರ ಜಿಲ್ಲಾಸ್ಪತ್ರೆಗೆ ಕಳಿಸಿಬಿಡಿ. ಗಲಾಟೆ ಮಾತ್ರ ಬೇಡ." ಬಿಪಿ ಉಪಕರಣ, ಪರೀಕ್ಷೆಯ ಕಾರ್ಡು, ಸಲೈನು, ಸೂಜಿ ಚೀಲಕ್ಕೆ ಹಾಕಿಕೊಂಡು ನನ್ನ ಸ್ಕೂಟರಿನಲ್ಲಿ ಆಶಾಳನ್ನು ಹಿಂದೆ ಕೂರಿಸಿಕೊಂಡು ಹೊರಟೆ.

ಬಾಗಿಲಲ್ಲಿ ಅವಳ ಮಾವ ನಿಂತಿದ್ದರು. ಎಪ್ಪತ್ತರ ಹತ್ತಿರದ ಯಜಮಾನರು, ಹೆಗಲ ಮೇಲೆ ಟವೆಲು. ಹಿರಿ ಸೊಸೆಯ ಮುಖ ನೋಡಿದ ತಕ್ಷಣ ಅವರಿಗೆ ಎಲ್ಲ ಅರ್ಥವಾಯಿತು. ನಾನು ಜಗಳಕ್ಕೆ ಸಜ್ಜಾಗಿ ಸೆರಗು ಸಿಕ್ಕಿಸಿಕೊಂಡೆ. ಅವರು ಬೈಯಲಿಲ್ಲ.

"ಒಳಕ್ ಬನ್ನಿ. ಆದ್ರೆ ಇಂಗೇ ಬರಂಗಿಲ್ಲ."

ಆಮೇಲೆ ನಡೆದದ್ದು ಆಪರೇಶನ್ ಥಿಯೇಟರಿನಲ್ಲೂ ನಡೆಯುವುದಿಲ್ಲ. ಹಿತ್ತಲಿನಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ಮೊಣಕೈವರೆಗೆ ಕೈ ತೊಳೆಸಿದರು. ನನ್ನ ಸೀರೆ ಬಿಚ್ಚಿಸಿ ಮನೆಯ ಹಳೇ ನೂಲಿನ ಸೀರೆ ಉಡಿಸಿದರು. ಚಪ್ಪಲಿ ಹೊರಗೆ. ಹೊಸ್ತಿಲ ಮುಂದೆ ಸುಣ್ಣದ ಪುಡಿ ಹರಡಿದ ಗೋಣಿತಾಟು, ಅದರ ಮೇಲೆ ಪಾದ ಒತ್ತಿ ಒಳಗೆ ಕಾಲಿಡಬೇಕು. ಬಿಪಿ ಉಪಕರಣವನ್ನೂ ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಹುಳುವಿಗೆ ರೋಗ ಬರಬಾರದು ಅಂತ ಇಷ್ಟೆಲ್ಲ ಮಡಿ! ಸೊಸೆಗೆ ರೋಗ ಬಂದರೆ ಹಿಂಡಿದ ಪರಂಗಿ ರಸ. ನಾನು ಹಲ್ಲು ಕಚ್ಚಿಕೊಂಡು ಹೇಳಿದ್ದನ್ನೆಲ್ಲ ಮಾಡಿದೆ.

ಒಳಗೆ ನಡುಮನೆಯ ಒಂದು ಬದಿಗೆ ಮಾಡಿನ ಎತ್ತರಕ್ಕೆ ಹುಳುವಿನ ತಟ್ಟೆಗಳ ಸ್ಟ್ಯಾಂಡುಗಳು. ಹುಳುಗಳು ಕಡೆಯ ಹಂತದಲ್ಲಿದ್ದವು, ಬೆರಳು ಗಾತ್ರ ಬೆಳೆದು ಸೊಪ್ಪು ಮುಕ್ಕುತ್ತಿದ್ದವು. ಇನ್ನು ಹಣ್ಣಾಗಿ ಗೂಡು ಕಟ್ಟುವುದಕ್ಕೆ ಒಂದು ವಾರ. ಸ್ಟ್ಯಾಂಡಿನ ಪಕ್ಕದಲ್ಲೇ ಚಾಪೆ, ಚಾಪೆಯ ಮೇಲೆ ಕಿರಿ ಸೊಸೆ. ಮಲಗಿರಲಿಲ್ಲ. ಗೋಡೆಗೆ ಒರಗಿ ಕೂತುಕೊಂಡು ಸೊಪ್ಪಿನ ಕಡ್ಡಿ ಬಿಡಿಸುತ್ತಿದ್ದಳು.

ಕೈ ಮುಟ್ಟಿದೆ, ತಣ್ಣಗಿತ್ತು. ಬಿಪಿ ನೋಡಿದೆ. ಮೇಲಿನದು ತೊಂಬತ್ತು, ಕೆಳಗಿನದು ಎಪ್ಪತ್ತಾರು. ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ಇಪ್ಪತ್ತಕ್ಕಿಂತ ಕಡಿಮೆಯಾದರೆ ನರಗಳಲ್ಲಿ ನೀರು ನಿಲ್ಲುತ್ತಿಲ್ಲ ಅಂತ ಅರ್ಥ. ತೋಳಿಗೆ ಪಟ್ಟಿ ಬಿಗಿದು ಕಾದು ಬಿಚ್ಚಿದರೆ ಮೊಣಕೈ ಕೆಳಗೆ ಕೆಂಪು ಚುಕ್ಕಿಗಳು ಎದ್ದವು. ಬೆಳಗಿನಿಂದ ಮೂತ್ರಕ್ಕೆ ಹೋಗಿರಲಿಲ್ಲ. ಬೆರಳು ಚುಚ್ಚಿ ಕಾರ್ಡಿಗೆ ರಕ್ತ ಬಿಟ್ಟೆ, ಎರಡು ಗೆರೆ ಮೂಡಿತು, ಡೆಂಗಿಯೇ. ಇನ್ನು ಕಾಯುವ ಮಾತೇ ಇರಲಿಲ್ಲ. ಸಲೈನು ಏರಿಸಿ ಬಾಟಲಿಯನ್ನು ಕಿಟಕಿಯ ಸರಳಿಗೆ ನೇತುಹಾಕಿ ಯಜಮಾನರ ಕಡೆ ತಿರುಗಿದೆ.

"ಈಗಲೇ ರಾಮನಗರಕ್ಕೆ ಕರ್ಕೊಂಡು ಹೋಗ್ಬೇಕು. ಅಡ್ಡ ಮಾತಾಡ್ಬೇಡಿ ಯಜಮಾನ್ರೆ. ಹುಳ ದೊಡ್ಡದೋ ಜೀವ ದೊಡ್ಡದೋ?"

ಅವರು ಟವೆಲು ತೆಗೆದು ಮುಖ ಒರೆಸಿಕೊಂಡರು. "ನನ್ನ ಯಾಕ್ ಬೊಯ್ತೀರಿ ಸಿಸ್ಟರವ್ವ. ಮೊನ್ನೆಯಿಂದ ನಾನೂ ಅದ್ನೇ ಬಡ್ಕತಾ ಇವ್ನಿ. ಅವ್ಳ್ನ ಕೇಳಿ."

"ನಾನು ಬರಕಿಲ್ಲ" ಅಂದಳು ಸೊಸೆ.

ಇದು ನನ್ನ ಲೆಕ್ಕದಲ್ಲಿರಲಿಲ್ಲ. ಮಾವನ ಮೇಲೆ ಹರಿಹಾಯಲು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ದಂಡವಾಯಿತು.

"ಬಲು ನಾಜೂಕು, ಬ್ಯಾಡ ಅಂದ್ರು ಮಾವ, ಒಳ್ಳೆ ರೇಟು ಸಿಕ್ತದೆ ಅಂತ ನಾನೇ ಹಠ ಮಾಡಿ ಬಿಳಿಗೂಡಿನ ಹುಳ ತಂದಿದ್ದು" ಅಂದಳು, ಉಸಿರು ಎಳೆದುಕೊಳ್ಳುತ್ತಾ. "ನಾನ್ ಆಸ್ಪತ್ರೆಗೆ ಬಂದ್ರೆ ನೀವು ಮೇಲಕ್ಕೆ ಬರ್ದು ಕಳುಸ್ತೀರಿ. ನಾಳೀಕೆ ಹೊಗೆ ಮಿಸನ್ನು ಬತ್ತದೆ. ನಮ್ದೊಂದೇ ಅಲ್ಲ, ಇಡೀ ಬೀದಿ ಹುಳ ಸಾಯ್ತವೆ. ಇವ್ಳಿಂದ ಆಯ್ತು ಅಂತಾರೆ. ಹುಳ ಹಣ್ಣಾಗೋ ಗಂಟ ನಾನು ಎಲ್ಲೂ ಬರಕಿಲ್ಲ. ಇಲ್ಲೇ ಹಾಕಿ ಗುಲ್ಕೋಸು."

"ಇಲ್ಲೇ ಹಾಕಿ ಅನ್ನೋಕೆ ಇದೇನು ಗಿಡಕ್ಕೆ ನೀರಾ? ಗಂಟೆಗಂಟೆಗೆ ರಕ್ತ ನೋಡ್ಬೇಕು. ರಕ್ತ ಬೇಕಾದ್ರೆ ಏರಿಸಬೇಕು. ನನ್ನ ಹತ್ರ ಇದೊಂದು ಬಾಟ್ಲಿ ಬಿಟ್ರೆ ಏನೂ ಇಲ್ಲ."

"ಹಂಗಾದ್ರೆ ಹೇಳಿ. ಮಿಸನ್ ಬರಕಿಲ್ಲ ಅಂತ ಹೇಳಿ, ಈಗ್ಲೇ ಬತ್ತೀನಿ."

ಎಲ್ಲರೂ ನನ್ನ ಬಾಯಿ ನೋಡಿದರು. ಹ್ಞೂ, ಬರಲ್ಲ ನಡಿಯಮ್ಮ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ಎದ್ದು ಬರುತ್ತಿದ್ದಳು, ಬದುಕುತ್ತಿದ್ದಳು. ರೋಗಿಗೆ ಒಳ್ಳೆಯದಾಗಲಿ ಅಂತ ಆಡುವ ಸುಳ್ಳುಗಳು ನಮ್ಮ ಕೆಲಸದಲ್ಲಿ ಬೇಕಾದಷ್ಟಿವೆ, ಸೂಜಿ ನೋಯುವುದಿಲ್ಲ ಅನ್ನುವುದರಿಂದ ಹಿಡಿದು. ಇದೂ ಬಾಯಿ ತುದಿಗೆ ಬಂದಿತ್ತು. ಆದರೆ ಈ ಬೀದಿಯಲ್ಲಿ ಒಮ್ಮೆ "ಏನೂ ಆಗಲ್ಲ" ಅಂತ ಸುಳ್ಳು ಹೇಳಿ ಆಗಿತ್ತು, ಅದಕ್ಕೇ ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಿತ್ತು. ನಾನು ಇವಳಿಗೆ ಸುಳ್ಳು ಹೇಳಿ ಇವಳನ್ನು ಉಳಿಸಿಕೊಳ್ಳಬಹುದು. ನಾಳೆ ಮಿಷನ್ ಬಂದರೆ ಇವಳ ನಂತರ ಮಲಗುವವರು ನಮಗೆ ಗೊತ್ತಾಗುವುದು ಹೆಣವಾದ ಮೇಲೆ. ಹಾಗಂತ ನಿಜ ಹೇಳಿ ಇವಳು ಇಲ್ಲೇ ಕೂತು ಸತ್ತರೆ? ನನಗೆ ಅಳು ಬರುವಷ್ಟು ರೇಗಿತು. ನನ್ನ ಕೈಯಲ್ಲಿಲ್ಲದ ಮಿಷನ್ನಿಗೆ ನಾನು ಯಾಕೆ ಜವಾಬು ಕೊಡಬೇಕು?

ಚಾಪೆಯ ಮೇಲೆ ಅವಳೆದುರು ಕೂತೆ.

"ಬರಲ್ಲ ಅಂತ ನಾನು ಹೇಳೋಕಾಗಲ್ಲ ಕಣವ್ವ. ಮಿಷನ್ ನನ್ನದಲ್ಲ. ನಿನ್ನ ವರದಿ ನಾನು ಇವತ್ತೇ ಕಳಿಸ್ತೀನಿ, ಮುಚ್ಚಿಡಲ್ಲ. ಮುಚ್ಚಿಟ್ಟರೆ ನಿನ್ನ ಪಕ್ಕದ ಮನೆಯವರು ಸಾಯ್ತಾರೆ. ಮಿಷನ್ ಈ ಬೀದಿಗೆ ಬೇಡ ಅಂತ ಜಗಳ ಆಡ್ತೀನಿ. ಗೆಲ್ತೀನೋ ಸೋಲ್ತೀನೋ ಗೊತ್ತಿಲ್ಲ. ಬರೋದಾದ್ರೆ ಮೊದಲೇ ನಿಮಗೆ ತಿಳಿಸ್ತೀನಿ, ಕಿಟಕಿಗೆ ಟಾರ್ಪಾಲು ಕಟ್ಕೊಳ್ಳೋಕೆ ಸಮಯ ಸಿಗೋ ಹಾಗೆ. ನಾನು ಮಾಡಬಹುದಾದ್ದು ಇಷ್ಟೇ."

ಅವಳು ನನ್ನನ್ನೇ ನೋಡುತ್ತಿದ್ದಳು. "ಸುಳ್ಳು ಹೇಳ್ತಾ ಇಲ್ಲ ತಾನೆ?"

"ಸುಳ್ಳು ಹೇಳೋ ಹಾಗಿದ್ರೆ ಇಷ್ಟೊತ್ತಿಗೆ ನಿನ್ನ ಗಾಡಿ ರಾಮನಗರ ಮುಟ್ಟಿರೋದು."

ಆಶಾ ಮೂಗು ಒರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ಅವಳು ನಗುವಾಗ ನಾನು ಕಣ್ಣು ಕೆಳಗೆ ಹಾಕಿದೆ, ಆಗ ಕಂಡಿತು. ಸ್ಟ್ಯಾಂಡಿನ ಪ್ರತಿ ಕಾಲಿನ ಅಡಿಯಲ್ಲೂ ಒಂದೊಂದು ಪ್ಲಾಸ್ಟಿಕ್ ಬಟ್ಟಲು, ಅದರಲ್ಲಿ ನೀರು. ಫೋನಿನ ಟಾರ್ಚು ಹಾಕಿದೆ. ನೀರೆಲ್ಲ ಮಿಜಿಮಿಜಿ ಕುಣಿಯುತ್ತಿತ್ತು, ಬೆಳಕು ಬಿದ್ದ ಕೂಡಲೇ ಮರಿಗಳು ಬಳುಕಿಕೊಂಡು ತಳಕ್ಕಿಳಿದವು.

"ಇದೇನಿದು?"

"ಹುಳಕ್ಕೆ ಇರುವೆ ಹತ್ತದಂಗೆ ನೀರು ಮಡಗಿವ್ನಿ" ಅಂದರು ಯಜಮಾನರು.

"ಯಾವಾಗ ಇಟ್ಟಿದ್ದು?"

"ಹುಳ ತಂದಾಗ್ಲಿಂದ ಅಂಗೇ ಐತೆ."

"ಎಲ್ಲರ ಮನೆಯಲ್ಲೂ ಹೀಗೇನಾ?"

"ಇನ್ನೇನ್ ಮಾಡಾರು? ಇರುವೆ ತಿಂದಾಕ್ಬುಡ್ತವೆ."

ನಾನು ಹಣೆ ಹಣೆ ಚಚ್ಚಿಕೊಂಡೆ. ಊರೆಲ್ಲ ಟೈರು ಮಗುಚಿದ್ದೆವು. ಸೊಳ್ಳೆ ಹುಟ್ಟುತ್ತಿದ್ದದ್ದು ಇಲ್ಲಿ, ಯಾರೂ ಔಷಧಿ ಹಾಕದ, ಬತ್ತಿ ಹಚ್ಚದ, ಹೊರಗಿನವರು ಕಾಲಿಡದ ಹುಳುಮನೆಯಲ್ಲಿ. ಹುಳುವಿನ ಮೇಲೆ ಮೊಟ್ಟೆಯಿಡುವ ನೊಣ ಬರಬಾರದು ಅಂತ ಕಿಟಕಿಗೆ ಕಟ್ಟಿದ ಬಲೆ ಈ ಸೊಳ್ಳೆಗಳನ್ನು ಸುಲಭಕ್ಕೆ ಹೊರಗೆ ಹೋಗಲೂ ಬಿಡುತ್ತಿರಲಿಲ್ಲ. ಪಕ್ಕದಲ್ಲೇ ಮನೆಯವರ ಚಾಪೆ. ಬೀದಿಯಲ್ಲಿ ಎಷ್ಟು ಹೊಗೆ ಹೊಡೆದರೂ ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಸತ್ತದ್ದು ರೇಷ್ಮೆ ಹುಳು ಮಾತ್ರ.

ಒಂದು ಬಟ್ಟಲನ್ನು ಎತ್ತಿ ಚಾಪೆಯ ಹತ್ತಿರ ತಂದು ತೋರಿಸಿದೆ. ಸೊಸೆ ಬಗ್ಗಿ ನೋಡಿದಳು.

"ಇದ್ರಾಗಿಂದ್ಲೇ ನಂಗ್ ಬಂದದ್ದಾ?"

"ಇದರಿಂದಲೋ ಪಕ್ಕದ ಮನೆಯದ್ದರಿಂದಲೋ."

"ನನ್ ಮಕ್ಳೂ ಇಲ್ಲೇ ಮನಿಕ್ಕತವೆ" ಅಂದಳು. ಆಮೇಲೆ ಓರಗಿತ್ತಿಯ ಕಡೆ ತಿರುಗಿ, "ಅಕ್ಕ, ಸೊಪ್ಪು ಯಾರ್ ಹಾಕ್ತಾರೆ?" ಅಂದಳು.

"ನಾನ್ ಹಾಕ್ತೀನಿ ಕಣೆ, ಎದ್ದೇಳು ಮೊದ್ಲು."

"ನಿನ್ ಮನೆಮನೆ ಸರ್ವೆ ಕೆಲ್ಸ?"

"ಅದನ್ನ ನಾನು ನೋಡ್ಕೋತೀನಿ" ಅಂದೆ. ಅಂದ ಮೇಲೆ ಮಾಡಲೇಬೇಕಾಯಿತು.

ಆಂಬುಲೆನ್ಸು ಬೇರೆ ಕಡೆ ಹೋಗಿತ್ತು. ಗೂಡು ಸಾಗಿಸುವ ಗೂಡ್ಸ್ ಆಟೊದಲ್ಲಿ ಹಾಸಿಗೆ ಹಾಕಿ ಮಲಗಿಸಿದೆವು. ಬಾಟಲಿ ಹಿಡಿದುಕೊಂಡು ನಾನೂ ಹತ್ತಿದೆ. ದಾರಿಯಲ್ಲಿ ಒಮ್ಮೆ ರಕ್ತ ಬೆರೆತ ವಾಂತಿಯಾಯಿತು. ಜಿಲ್ಲಾಸ್ಪತ್ರೆಯಲ್ಲಿ ಸೇರಿಸಿಕೊಂಡ ಡಾಕ್ಟರು ಕಾರ್ಡು, ಬಿಪಿ, ಸೂಜಿ ಚುಚ್ಚಿಸಿಕೊಂಡ ವಿಷಯ ಎಲ್ಲ ಕೇಳಿ, "ಇನ್ನೊಂದು ರಾತ್ರಿ ಮನೆಯಲ್ಲಿದ್ದಿದ್ದರೆ ನಮ್ಮ ಹತ್ರ ತರಬೇಕಾಗಿರಲಿಲ್ಲ" ಅಂದರು. ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು. ಒಳಗೆ ಕರೆದುಕೊಂಡು ಹೋದರು.

ನಾನು ವಾಪಸ್ ಬಂದು ವರದಿ ಕಳಿಸಿದ ಸ್ವಲ್ಪ ಹೊತ್ತಿಗೇ ತಾಲ್ಲೂಕಿನ ಸಾಹೇಬರ ಫೋನು. ಡಾಕ್ಟರು ಮೀಟಿಂಗಿನಿಂದ ಆಗ ತಾನೆ ಬಂದಿದ್ದರು, ಫೋನನ್ನು ಜೋರಾಗಿ ಕೇಳಿಸುವಂತೆ ಮೇಜಿನ ಮೇಲಿಟ್ಟರು.

"ಇಷ್ಟು ದಿನ ಸೊನ್ನೆ ಇದ್ದ ಊರಲ್ಲಿ ಇದ್ದಕ್ಕಿದ್ದ ಹಾಗೆ ಸೀರಿಯಸ್ ಕೇಸ್ ಹೇಗ್ರೀ ಬಂತು? ಬೆಳಗ್ಗೆ ಮಿಷನ್ ಕಳಿಸ್ತೀನಿ. ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಿ."

ಡಾಕ್ಟರು ನನ್ನ ಕಡೆ ನೋಡಿದರು. ಬೆವರುತ್ತಿದ್ದರು. ನಾನೇ ಬಾಯಿ ಹಾಕಿದೆ.

"ಸರ್, ಸೊಳ್ಳೆ ಇರೋದು ಹುಳುಮನೆ ಒಳಗೆ, ಸ್ಟ್ಯಾಂಡಿನ ಕಾಲಿನ ಬಟ್ಟಲಲ್ಲಿ. ಬೀದಿಯಲ್ಲಿ ಹೊಗೆ ಹೊಡೆದರೆ ಹುಳ ಸಾಯುತ್ತೆ, ಸೊಳ್ಳೆಮರಿ ಸಾಯಲ್ಲ. ಬಟ್ಟಲು ಖಾಲಿ ಮಾಡಿಸೋಕೆ ನಮಗೆ ಟೈಮ್ ಕೊಡಿ."

"ಜಿಲ್ಲಾ ಮೀಟಿಂಗ್‌ನಲ್ಲಿ ನಾನೇನು ಬಟ್ಟಲು ತೋರಿಸ್ಲಾ?"

"ತೋರಿಸಿ ಸರ್. ಒಂದು ಕಳಿಸಿಕೊಡ್ತೀನಿ, ಮರಿ ಸಮೇತ."

ಕೆಲಸ ಹೋಯಿತು ಅಂದುಕೊಂಡೆ. ಆಗ ನಮ್ಮ ಡಾಕ್ಟರು ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಸರ್, ಹುಳ ಇರೋ ಬೀದಿಯಲ್ಲಿ ಫಾಗಿಂಗ್ ಬೇಡ ಅಂತ ವೈದ್ಯಾಧಿಕಾರಿಯಾಗಿ ನಾನು ಬರೆದು ಕೊಡ್ತೀನಿ. ಜವಾಬ್ದಾರಿ ನಂದು" ಅಂದರು. ಬೆವರು ಒರೆಸಿಕೊಳ್ಳುತ್ತಲೇ, ಆದರೆ ಅಂದರು.

"ಏನಾದ್ರೂ ಮಾಡ್ಕೊಳ್ಳಿ. ಮಿಷನ್ ಬಂದೇ ಬರುತ್ತೆ, ನನಗೆ ಫೋಟೊ ಬೇಕು" ಅಂತ ಸಾಹೇಬರು ಫೋನಿಟ್ಟರು.

ಕೊಟ್ಟ ಮಾತಿನಂತೆ ಆಶಾಗೆ ಫೋನು ಮಾಡಿ ಮಿಷನ್ ಬರುತ್ತಿದೆ, ಎಲ್ಲರಿಗೂ ತಿಳಿಸು ಅಂದೆ. ಬೆಳಗ್ಗೆ ಮಿಷನ್ ಬಂದಾಗ ಊರಿನ ಬಾಯಲ್ಲಿ ನಿಂತಿದ್ದೆ. ಕಿಟಕಿಗಳಿಗೆಲ್ಲ ಟಾರ್ಪಾಲು ಬಿಗಿದಿದ್ದರು, ಜನ ಕೈಕಟ್ಟಿಕೊಂಡು ಜಗಲಿಗಳ ಮೇಲೆ ನಿಂತಿದ್ದರು. ಡಾಕ್ಟರ ಕಾಗದ ತೋರಿಸಿದೆ. ಮಿಷನ್ನಿನವರೂ ಸಂಬಳಕ್ಕೆ ದುಡಿಯುವವರೇ. "ಎಲ್ಲಾದ್ರೂ ಹೊಡೀಲೇಬೇಕು ಮೇಡಮ್, ಫೋಟೊ ಇಲ್ದೆ ಹೋದ್ರೆ ನಮ್ಮನ್ನ ಬಿಡಲ್ಲ" ಅಂದರು. "ನಮ್ಮ ಆಸ್ಪತ್ರೆಗೇ ಹೊಡೀರಿ ಬನ್ನಿ" ಅಂದೆ. ಊರಿಗೂ ಆಸ್ಪತ್ರೆಗೂ ನಡುವೆ ಒಂದು ಮೈಲಿಯ ದೂರ, ಗಾಳಿಯೂ ಆ ಕಡೆಗೆ ಬೀಸುತ್ತಿರಲಿಲ್ಲ. ಕಾಂಪೌಂಡಿನ ಸುತ್ತ ಹೊಗೆ ಹೊಡೆದರು, ನಾನೂ ಡಾಕ್ಟರೂ ಕೆಮ್ಮುತ್ತಾ ನಿಂತಿರುವ ಫೋಟೊ ಗ್ರೂಪಿಗೆ ಹೋಯಿತು. ಎಲ್ಲಿ ಹೊಡೆದದ್ದು ಅಂತ ಕೆಳಗೆ ಸ್ಪಷ್ಟವಾಗಿ ಬರೆದೇ ಹಾಕಿದೆವು. ಸಾಹೇಬರು ಅದರ ಕೆಳಗೆ ಹೆಬ್ಬೆರಳು ಎತ್ತಿದ ಚಿತ್ರ ಒತ್ತಿದರು. ಓದಿದ್ದರೋ ಇಲ್ಲವೋ.

ಆಮೇಲೆ ಮನೆಮನೆ ಅಲೆತ. ಪ್ರತಿ ಬಾಗಿಲಲ್ಲೂ ಅದೇ ಬ್ಲೀಚಿಂಗ್ ನೀರು, ಅದೇ ಸುಣ್ಣ, ಇನ್ಯಾರದೋ ಸೀರೆ. ಬಟ್ಟಲಿನ ನೀರನ್ನು ಬಿಸಿಲಿಗೆ ಚೆಲ್ಲಬೇಕು. ಸೊಳ್ಳೆ ಮೊಟ್ಟೆ ಬಟ್ಟಲಿನ ಗೋಡೆಗೆ ಅಂಟಿರುತ್ತದೆ, ಅದಕ್ಕೆ ತೆಂಗಿನ ನಾರಿನಿಂದ ಉಜ್ಜಬೇಕು. ನೀರಿನ ಬದಲು ಒಣ ಬೂದಿ ತುಂಬಬೇಕು, ಇರುವೆ ಅದನ್ನೂ ದಾಟುವುದಿಲ್ಲ. ಬೂದಿ ಒಳ್ಳೆಯದೇ ಅಂತ ಒಪ್ಪಿದರು. ಎಲ್ಲ ಮಾಡಿದರು. ಜ್ವರ ಯಾರಿಗಾದರೂ ಇದೆಯಾ ಅಂದರೆ ಮಾತ್ರ ಮತ್ತೆ ಅದೇ: "ಯಾರ್ಗೂ ಇಲ್ಲ."

ಒಳಗಿನ ಕೋಣೆಯಲ್ಲಿ ಯಾರೋ ನರಳುವುದು ಕೇಳಿಸುತ್ತಿರುತ್ತದೆ, ಎದುರಿಗೆ ನಿಂತವರು ಇಲ್ಲ ಅನ್ನುತ್ತಾರೆ. ನನ್ನ ಸಹನೆ ಬತ್ತಿಹೋಯಿತು. ಸುಳ್ಳು ಹೇಳದೆ ಏನು ಸಂಪಾದಿಸಿದೆ, ಅವತ್ತು ನಾಲ್ಕು ಸುಳ್ಳು ಹೇಳಿ ಕೈ ತೊಳೆದುಕೊಂಡಿದ್ದರೆ ಚೆನ್ನಾಗಿತ್ತು ಅಂತ ಡಾಕ್ಟರ ಮುಂದೆ ಕೂಗಾಡಿದೆ. ಪಾಪ, ಅವರು ಕಾಫಿ ತರಿಸಿದರು. ಜಿಲ್ಲಾಸ್ಪತ್ರೆಯಿಂದ ಒಂದೇ ಒಳ್ಳೆಯ ಸುದ್ದಿ ಬಂತು. ಸೊಸೆಗೆ ಮೂತ್ರ ಸರಿಯಾಗಿ ಹೋಗುತ್ತಿದೆ, ರಕ್ತ ನಿಂತಿದೆ, ಗಂಜಿ ಕುಡಿದಳು ಅಂತ.

ಅದರ ಮಾರನೆಯ ಬೆಳಗ್ಗೆ ಹೊರರೋಗಿಗಳ ಸಾಲು ವರಾಂಡ ದಾಟಿ ಅಂಗಳಕ್ಕೆ ಬಂದಿತ್ತು. ಅಕ್ಕಪಕ್ಕದ ಊರುಗಳ ಜನವೆಲ್ಲ ಇದ್ದರು. ಆ ಸಾಲನ್ನು ಸರಿಸಿಕೊಂಡು ಯಜಮಾನರು ಬಂದು ನನ್ನ ಮೇಜಿನ ಮುಂದೆ ಕೂತರು. ತಲೆಗೆ ಟವೆಲು ಸುತ್ತಿದ್ದರು, ಕಣ್ಣು ಕೆಂಪಗಿತ್ತು.

"ಸೊಸೆ ನೋಡೋಕೆ ಹೊರಟ್ರಾ ಯಜಮಾನ್ರೆ?"

"ಇಲ್ಲ. ನಂಗೂ ಬಂದೈತೆ ಜ್ವರ" ಅಂದರು. ಹೊಲದ ಆ ತುದಿಯಲ್ಲಿರುವವರನ್ನು ಕೂಗುವ ದನಿಯಲ್ಲಿ ಅಂದರು. ವರಾಂಡವೆಲ್ಲ ತಿರುಗಿ ನೋಡಿತು. "ಬರ್ಕಳಿ."

ನಾನು ದನಿ ತಗ್ಗಿಸಿದೆ. "ಹುಳ ಹಣ್ಣಾದ್ವಾ?"

"ಇನ್ನೂ ಇಲ್ಲ."

"ಬರೆದರೆ ಮತ್ತೆ ಮಿಷನ್ ಬರಬಹುದು. ಈ ಸಲ ತಡೆಯೋಕೆ ನನ್ನ ಕೈಲಿ ಆಗದೆ ಇರಬಹುದು. ಗೊತ್ತಲ್ಲ?"

"ಗೊತ್ತು ಕಣವ್ವ. ನೀವೇ ಹೇಳಿದ್ರಲ್ಲ." ಅವರು ಬೆರಳು ಮುಂದೆ ಚಾಚಿದರು. "ಒಸಿ ಜೋರಾಗೇ ಕೇಳಿ, ಅವ್ರ್‌ಗೂ ಕೇಳುಸ್ಲಿ."

ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಆ ಊರಿನ ಜನ ಗುಂಪಾಗಿ ನಿಂತು ಒಳಗೆ ನೋಡುತ್ತಿದ್ದರು, ಕೆಲವರು ಕಂಬಳಿ ಹೊದ್ದುಕೊಂಡು. ಅಲ್ಲಿಯವರೆಗೆ ಅವರು ಬಸ್ಸಿಗೆ ಕಾಯುತ್ತಿದ್ದಾರೆ ಅಂದುಕೊಂಡಿದ್ದೆ. ನಾನು ಗಟ್ಟಿಯಾಗಿ ಹೆಸರು ಕೇಳಿದೆ, ಅವರು ಗಟ್ಟಿಯಾಗಿ ಹೇಳಿದರು. ಬೆರಳು ಚುಚ್ಚಿದೆ. ತಲೆ ಎತ್ತಿ ನೋಡುವಷ್ಟರಲ್ಲಿ ಒಬ್ಬ ಹೆಂಗಸು ಗೇಟು ದೂಡಿಕೊಂಡು ಒಳಗೆ ಬಂದು ಸಾಲಿನ ಕೊನೆಯಲ್ಲಿ ನಿಂತಳು. ಅವಳ ಹಿಂದೆ ಇನ್ನೊಬ್ಬರು ಬಂದರು. ಡಾಕ್ಟರನ್ನು ಕೂಗಿ, ಇನ್ನೊಂದು ಡಬ್ಬಿ ಕಾರ್ಡು ಬೇಕಾಗುತ್ತೆ ಸರ್ ಅಂದೆ.